ಹಲ್ಲು ಮೂಡುವ ನಾಯಿಮರಿಯು ಹಾಸನ್ನು ಕಡಿದು ನುಂಗುವುದನ್ನು ತಡೆಯುವ ಬಗೆ

ಮುಳಬಾಗಿಲು ತಾಲ್ಲೂಕಿನ ನಂಗಲಿಯು ಹೊಯ್ಸಳರ ಶಾಸನಗಳಲ್ಲಿ ರಾಜ್ಯದ ಮೂಡಣ ಎಲ್ಲೆಯೆಂದು ಹೆಸರಿಸಲ್ಪಟ್ಟ ಸ್ಥಳವು. ಈಗ ಅಲ್ಲಿಯ ಜನರು ಕಾಯಬೇಕಾಗಿರುವುದು ಟೊಮೇಟೋ ತೋಟಗಳನ್ನು, ಕುರಿಹಟ್ಟಿಗಳನ್ನು, ಕೊಳವೆಬಾವಿಯ ಮೋಟಾರುಗಳನ್ನು, ಹನಿ ನೀರಾವರಿಯ ಸಲಕರಣೆಗಳನ್ನು. 2023ರ ಜುಲೈ ತಿಂಗಳಲ್ಲಿ ಟೊಮೇಟೋ ಧಾರಣೆಯು ಹಿಂದೆಂದೂ ಕಾಣದಷ್ಟು ಏರಿದಾಗ ಕೋಲಾರದ ಸೀಮೆಯ ರೈತರು ರಾತ್ರಿಯೆಲ್ಲ ತೋಟದಲ್ಲಿಯೇ ಮಲಗಬೇಕಾಗಿ ಬಂದುದನ್ನು ಯಾರೂ ಮರೆತಿರಲಾರರು. ಇಂಥ ಕಾಲದಲ್ಲಿ ಒಂದು ಒಳ್ಳೆಯ ಕಾವಲು ನಾಯಿಯ ಬೆಲೆ ಎಷ್ಟೆಂಬುದು ತೋಟವುಳ್ಳವರಿಗೆ ಗೊತ್ತು. ಆದರೆ ಒಳ್ಳೆಯ ನಾಯಿಯು ಮೊದಲು ಮರಿಯಾಗಿದ್ದು, ಮರಿಯಾಗಿರುವಾಗ ಬದುಕಿ ಉಳಿಯಬೇಕಷ್ಟೆ. ಎರಡು ತಿಂಗಳ ಮರಿಯನ್ನು ತಂದು, ಗೋಣಿಚೀಲವನ್ನು ಹಾಸಿ, ಕೊಟ್ಟಿಗೆಯ ಮೂಲೆಯಲ್ಲಿ ಕಟ್ಟಿದ ಮೇಲೆ, ಅದು ಚೀಲವನ್ನು ಕಡಿಯುತ್ತಿದ್ದರೆ “ಮರಿಯಲ್ಲವೆ, ಕಡಿಯಲಿ” ಎಂದು ಸುಮ್ಮನಿರುವುದು ರೂಢಿ. ಕಡಿಯುವುದರಿಂದ ಚೀಲಕ್ಕೆ ಮಾತ್ರ ನಷ್ಟವು. ಕಡಿದುದನ್ನು ನುಂಗತೊಡಗಿದರೆ ಮರಿಯೇ ಹೋಗುವ ಸಂಭವವುಂಟು. ಈ ಭೇದವನ್ನು ಬಹು ಮಂದಿ ಗಮನಿಸುವುದಿಲ್ಲ.

ಹಲ್ಲು ಹುಟ್ಟುವ ಕ್ರಮ.— ನಾಯಿಯ ಮರಿಯು ಹುಟ್ಟುವಾಗ ಬಾಯಲ್ಲಿ ಹಲ್ಲಿರುವುದಿಲ್ಲ. ಮೂರನೆಯ ವಾರದಿಂದ ಹಾಲುಹಲ್ಲುಗಳು ಹೊರಟು, ಸುಮಾರು ಎಂಟನೆಯ ವಾರದೊಳಗೆ 28 ಹಲ್ಲುಗಳೂ ಪೂರ್ತಿಯಾಗುವುವು. ಇವು ಸೂಜಿಯಂತೆ ಚೂಪಾದುವು. ನಾಲ್ಕನೆಯ ತಿಂಗಳಿನ ಹೊತ್ತಿಗೆ ಮುಂದಿನ ಹಲ್ಲುಗಳು ಸಡಿಲಿ ಬೀಳತೊಡಗುವುವು. ಆಮೇಲೆ ಕೋರೆಗಳೂ ದವಡೆಹಲ್ಲುಗಳೂ ಬದಲಾಗಿ, ಏಳನೆಯ ತಿಂಗಳ ಸುಮಾರಿಗೆ 42 ಸ್ಥಿರದಂತಗಳು ನೆಲೆನಿಲ್ಲುವುವು. ಮುಧೋಳದ ಬೇಟೆನಾಯಿಯೇ ಆಗಲಿ—ಇದರ ಚಿತ್ರವುಳ್ಳ ಅಂಚೆಚೀಟಿಯನ್ನು ಭಾರತದ ಅಂಚೆ ಇಲಾಖೆಯವರು 2005ರಲ್ಲಿ ಹೊರಡಿಸಿದರು—ಬೀದಿಯ ನಾಡುನಾಯಿಯೇ ಆಗಲಿ, ಈ ಕ್ರಮದಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ಹಾಲುಹಲ್ಲು ಬೀಳುವ ಕಾಲದಲ್ಲಿ ವಸಡು ಕೆಂಪಾಗಿ ಊದಿಕೊಂಡು ನವೆಯೂ ನೋವೂ ಉಂಟಾಗುವುದರಿಂದ, ಮರಿಯು ಸಿಕ್ಕಿದುದನ್ನೆಲ್ಲ ಕಚ್ಚಿ ಒತ್ತಿಕೊಂಡು ಉಪಶಮನವನ್ನು ಹುಡುಕುವುದು. ಹಾಸಿನ ಮೇಲೆ ಒಂದೆರಡು ಹನಿ ರಕ್ತವೂ, ಅಕ್ಕಿಯ ಕಾಳಿನಂಥ ಹಲ್ಲೂ ಕಂಡರೆ ಗಾಬರಿಪಡಬೇಕಾಗಿಲ್ಲ. ಬಿದ್ದ ಹಲ್ಲನ್ನು ಅದು ನುಂಗಿದರೂ ಬಾಧಕವಿಲ್ಲ.

ಆದಕಾರಣ ಕಡಿಯುವ ಸ್ವಭಾವವನ್ನೇ ನಿಲ್ಲಿಸುವೆನೆಂಬುದು ವ್ಯರ್ಥಪ್ರಯತ್ನವು. ನಿಲ್ಲಿಸಬೇಕಾದುದು ನುಂಗುವುದನ್ನು, ಅದಕ್ಕೆ ಮರಿಯು ಏಕೆ ನುಂಗುವುದೆಂಬುದನ್ನು ಮೊದಲು ತಿಳಿಯಬೇಕು.

ಮೊದಲನೆಯ ಕಾರಣ ಹಸಿವು. ಮನೆಯವರು ಊಟಮಾಡಿದ ಮೇಲೆ ಉಳಿದ ಮುದ್ದೆಯ ಚೂರನ್ನು ದಿನಕ್ಕೆರಡು ಸಲ ಹಾಕಿದರೆ ದೊಡ್ಡ ನಾಯಿಗೆ ಹೇಗೋ ಸಾಗಬಹುದು. ಬೆಳೆಯುವ ಮರಿಗೆ ಸಾಲದು. ಎರಡು ತಿಂಗಳಿನಿಂದ ನಾಲ್ಕು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲವೂ, ಆಮೇಲೆ ಆರು ತಿಂಗಳವರೆಗೆ ಮೂರು ಸಲವೂ ಆಹಾರ ಕೊಡತಕ್ಕದ್ದು. ರಾಗಿಯು ಉತ್ತಮವಾದ ಧಾನ್ಯವೆಂಬುದು ನಿಜ, ಅದರಲ್ಲಿ ಸುಣ್ಣದ ಅಂಶವು ಇತರ ಧಾನ್ಯಗಳಿಗಿಂತ ಬಹಳ ಹೆಚ್ಚು. ಆದರೂ ಮಾಂಸಾಹಾರಿಯಾದ ಪ್ರಾಣಿಗೆ ಬರಿಯ ರಾಗಿ ಸಾಲದು. ಬೇಯಿಸಿದ ಕೋಳಿಮೊಟ್ಟೆ, ಮೂಳೆ ತೆಗೆದ ಮಾಂಸ, ಮೊಸರು, ಇವುಗಳಲ್ಲಿ ಯಾವುದಾದರೂ ಜೊತೆಗಿರಬೇಕು. ಈರುಳ್ಳಿ ಬೆಳ್ಳುಳ್ಳಿ ಹಾಕಿದ ಸಾರು ನಾಯಿಯ ರಕ್ತಕ್ಕೆ ಕೆಡುಕು. ಮರಿಯು ಗೋಣಿಯನ್ನು ತಿನ್ನುವುದು ಸುಣ್ಣದ ಕೊರತೆಯಿಂದಲೆಂದು ತಿಳಿದು ಅನ್ನಕ್ಕೆ ಎಲೆಯಡಿಕೆಯ ಸುಣ್ಣವನ್ನು ಕಲಸುವವರುಂಟು. ಅದು ಬಾಯನ್ನೂ ಗಂಟಲನ್ನೂ ಸುಡುವುದಲ್ಲದೆ ಬೇರೆ ಪ್ರಯೋಜನವಿಲ್ಲ.

ಎರಡನೆಯದು ಜಂತುಹುಳುಗಳ ಬಾಧೆ. ದುಂಡುಹುಳುಗಳು ತಾಯಿಯ ಗರ್ಭದಲ್ಲಿರುವಾಗಲೇ ಮರಿಯನ್ನು ಸೇರುವುವು. ಕೊಕ್ಕೆಹುಳುಗಳು ಮೊಲೆಹಾಲಿನ ಮೂಲಕವೂ ಬರುವುವು. ಇವು ರಕ್ತವನ್ನೂ ಆಹಾರದ ಸಾರವನ್ನೂ ಕಸಿದುಕೊಂಡಾಗ ಮರಿಯು ಮಣ್ಣು, ಬಟ್ಟೆ, ಬೂದಿ ಎಂದು ನೋಡದೆ ತಿನ್ನಲಾರಂಭಿಸುವುದು. ಹೊಟ್ಟೆ ಮಾತ್ರ ಡೊಳ್ಳಾಗಿ ಬೆನ್ನುಮೂಳೆ ಎದ್ದುಕಾಣುವ ಮರಿಯು, ಅಥವಾ ವಸಡು ಬಿಳಿಚಿರುವ ಮರಿಯು ಹಾಸನ್ನು ತಿನ್ನುತ್ತಿದ್ದರೆ ಇದೇ ಕಾರಣವಿರಬಹುದು. ಹುಟ್ಟಿದ ಎರಡನೆಯ ವಾರದಿಂದ ಮೂರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆಯೂ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆಯೂ ಪಶುವೈದ್ಯರು ತೂಕ ನೋಡಿ ಹೇಳಿದ ಪ್ರಮಾಣದಲ್ಲಿ ಹುಳುವಿನ ಔಷಧವನ್ನು ಕೊಡಬೇಕು. ದುಂಡುಹುಳುವಿನ ಮೊಟ್ಟೆಗಳು ಮಣ್ಣಿನ ಮೂಲಕ ಮಕ್ಕಳ ಹೊಟ್ಟೆಯನ್ನು ಸೇರಿ ಕಣ್ಣಿಗೂ ಅಪಾಯ ಮಾಡಬಲ್ಲುವಾದುದರಿಂದ ಈ ಖರ್ಚು ಮರಿಯೊಂದಕ್ಕಾಗಿ ಮಾಡಿದ ಖರ್ಚೆಂದು ಭಾವಿಸಬಾರದು.

ಇನ್ನು ಬೇಸರ. ಚಿಕ್ಕ ಸರಪಣಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಟ್ಟಿದ ಮರಿಗೆ ಹಾಸೊಂದೇ ಸಂಗಾತಿ. ಎಂಟು ವಾರಗಳಿಗೆ ಮೊದಲೇ ತಾಯಿಯಿಂದ ಅಗಲಿಸಿದ ಮರಿಗಳಲ್ಲಿ ಕೆಲವು ಕಂಬಳಿಯನ್ನು ಮೊಲೆಯಂತೆ ಚೀಪುವುದೂ ಉಂಟು. ಚೀಪಿ ಚೀಪಿ ನೂಲನ್ನು ನುಂಗುವುವು. ಹಾಸಿನ ಮೇಲೆಯೇ ಹಾಲು ಅನ್ನಗಳನ್ನು ಇಡುವುದು ಇನ್ನೊಂದು ತಪ್ಪು. ಹಾಲು ಚೆಲ್ಲಿದ ಗೋಣಿಯು ಮರಿಗೆ ಗೋಣಿಯಾಗಿ ತೋರುವುದಿಲ್ಲ, ಆಹಾರವಾಗಿಯೇ ತೋರುವುದು.

ಹಾಸಿನ ವಿಚಾರ.— ನಂಗಲಿಯ ಸುತ್ತಣ ಹಳ್ಳಿಗಳಲ್ಲಿ ಹಿಂದೆ ಮರಿಗೆ ಹಾಸುತ್ತಿದ್ದುದು ಸಣಬಿನ ಗೋಣಿ, ಹಳೆಯ ಕಂಬಳಿ, ರಾಗಿಹುಲ್ಲು. ಈಗ ಗೊಬ್ಬರವೂ ಪಶು ಆಹಾರವೂ ಬರುವುದು ಪ್ಲಾಸ್ಟಿಕ್ ಪಟ್ಟಿಯಿಂದ ನೇಯ್ದ ಚೀಲಗಳಲ್ಲಿ. ಮರಿಯ ಹಾಸಿಗೆ ಇವುಗಳಿಗಿಂತ ಕೆಟ್ಟ ವಸ್ತುವು ಬೇರೊಂದಿಲ್ಲ. ಒಂದು ಕಡೆ ಹಲ್ಲು ತಗುಲಿದರೆ ಪಟ್ಟಿಗಳು ಉದ್ದುದ್ದವಾಗಿ ಬಿಚ್ಚಿಕೊಳ್ಳುವುವು. ಹೊಟ್ಟೆಯಲ್ಲಿ ಜೀರ್ಣವಾಗುವುದಿಲ್ಲ, ಕೊಳೆಯುವುದಿಲ್ಲ. ಯೂರಿಯಾ ತುಂಬಿದ್ದ ಚೀಲದ ಹೊಲಿಗೆಯಲ್ಲಿ ಉಪ್ಪಿನಂತೆ ನಿಂತಿರುವ ಗೊಬ್ಬರವನ್ನು ಮರಿಯು ನೆಕ್ಕಬಹುದು. ಕೀಟನಾಶಕ ಬೆರೆಸಿದ ಬಿತ್ತನೆ ಬೀಜದ ಚೀಲವಂತೂ ವಿಷವೇ ಸರಿ. ಅದನ್ನು ನಾಯಿಗಾಗಲಿ ದನಕ್ಕಾಗಲಿ ಎಂದಿಗೂ ಹಾಸಕೂಡದು.

ಟೊಮೇಟೋ ಗಿಡಗಳನ್ನು ಕೋಲಿಗೆ ಕಟ್ಟುವ ದಾರದ ಮಾತನ್ನೂ ಇಲ್ಲಿಯೇ ಹೇಳುವುದು ಯುಕ್ತ. ಬೆಳೆ ಮುಗಿದ ಮೇಲೆ ಕೋಲುಗಳನ್ನು ಕಿತ್ತು, ದಾರವನ್ನು ಬದುವಿನ ಮೇಲೆ ರಾಶಿಹಾಕುವುದು ಎಲ್ಲ ಕಡೆಯೂ ಕಾಣುವ ವಾಡಿಕೆಯು. ಅದರ ಮೇಲೆ ಮರಿಯು ಮಲಗಿ, ಅದನ್ನೇ ಕಡಿಯುವುದು. ಬಟ್ಟೆಯ ಉಂಡೆಯಿಂದ ಕರುಳು ಮುಚ್ಚಿಹೋಗಬಹುದು. ದಾರದ ಅಪಾಯವು ಅದಕ್ಕಿಂತಲೂ ಘೋರವು. ದಾರದ ಒಂದು ತುದಿಯು ನಾಲಗೆಯ ಬುಡದಲ್ಲಿಯೋ ಜಠರದ ಬಾಯಲ್ಲಿಯೋ ಸಿಕ್ಕಿಕೊಂಡು, ಇನ್ನೊಂದು ತುದಿಯು ಕರುಳಿನೊಳಕ್ಕೆ ಹರಿಯುವುದು. ಕರುಳು ಅದನ್ನು ಮುಂದಕ್ಕೆ ತಳ್ಳಲು ಮಾಡುವ ಪ್ರತಿಯೊಂದು ಪ್ರಯತ್ನದಲ್ಲಿಯೂ, ಲಾಡಿಯನ್ನು ಎಳೆದಾಗ ಚಲ್ಲಣದ ನೇಫೆಯು ಸುಕ್ಕುಗಟ್ಟುವಂತೆ, ತಾನೇ ಮಡಿಕೆಮಡಿಕೆಯಾಗಿ ಸೇರಿಕೊಳ್ಳುವುದು. ಕೊನೆಗೆ ಬಿಗಿದ ದಾರವು ಕರುಳಿನ ಗೋಡೆಯನ್ನು ಗರಗಸದಂತೆ ಕೊಯ್ಯುವುದು. ಹಾಸಿನ ಅಂಚಿನಿಂದ ಬಿಚ್ಚಿಕೊಂಡ ಉದ್ದನೆಯ ನೂಲೂ ಇದೇ ಕೆಲಸವನ್ನು ಮಾಡಬಲ್ಲುದು.

ಹೀಗಿರಲಾಗಿ, ಬಟ್ಟೆಯನ್ನು ನುಂಗುವ ಮರಿಗೆ ಏಳನೆಯ ತಿಂಗಳು ತುಂಬುವವರೆಗೆ ಬಟ್ಟೆಯ ಹಾಸನ್ನೇ ಕೊಡದಿರುವುದು ಎಲ್ಲಕ್ಕಿಂತ ಸುಲಭವಾದ ಉಪಾಯವು. ಇದನ್ನು ಕೇಳಿ ಮನೆಯ ಹೆಂಗಸರು ಮರುಗುವುದುಂಟು. ಮಾರ್ಗಶಿರ ಪುಷ್ಯ ಮಾಸಗಳ ಚಳಿಯನ್ನು ಬಿಟ್ಟರೆ ಈ ಸೀಮೆಯ ಹವೆಯಲ್ಲಿ ಮರಿಗೆ ಬೇಕಾದುದು ಮೆತ್ತನೆಯ ಹಾಸಿಗಿಂತ ಹೆಚ್ಚಾಗಿ ಒಣಗಿದ, ಗಾಳಿ ಹೊಡೆಯದ ಸ್ಥಳವು. ನೆಲದಿಂದ ನಾಲ್ಕು ಬೆರಳು ಎತ್ತರಕ್ಕೆ ಇಟ್ಟಿಗೆಗಳ ಮೇಲಿರಿಸಿದ ನಯವಾದ ಹಲಗೆ, ಮೂರು ಕಡೆ ಮರೆ, ಮೇಲೆ ಸೂರು, ಇಷ್ಟಾದರೆ ಸಾಕು. ಚಳಿಗಾಲದಲ್ಲಿ ಹಲಗೆಯ ಮೇಲೆ ಒಣ ರಾಗಿಹುಲ್ಲನ್ನು ದಪ್ಪವಾಗಿ ಹರಡಬಹುದು. ಹುಲ್ಲಿನ ಒಂದೆರಡು ಎಳೆ ಹೊಟ್ಟೆಗೆ ಹೋದರೂ ಸಾಮಾನ್ಯವಾಗಿ ಮಲದೊಡನೆ ಹೊರಬೀಳುವುದು. ಆದರೂ ಮರಿಯು ಹುಲ್ಲನ್ನೂ ಮೇಯುವಂತೆ ತಿನ್ನುತ್ತಿದ್ದರೆ ಅದನ್ನೂ ತೆಗೆದು, ಮರಿಯನ್ನು ರಾತ್ರಿ ಮನೆಯೊಳಗೆ ಮಲಗಿಸತಕ್ಕದ್ದು.

ಬಟ್ಟೆಯನ್ನೇ ಹಾಸಬೇಕೆನ್ನುವವರು ಒಂದು ಸಂಗತಿಯನ್ನು ತಿಳಿದಿರಬೇಕು. ಮರಿಯು ಹಾಸಿನ ನಡುವಿನಿಂದ ಕಡಿಯಲು ತೊಡಗುವುದು ಅಪೂರ್ವ. ಅಂಚು, ಮೂಲೆ, ಹೊಲಿಗೆ, ಬಿಟ್ಟ ನೂಲು, ಇವುಗಳಿಂದಲೇ ಆರಂಭಿಸುವುದು. ಆದುದರಿಂದ ಗಿಡ್ಡನೆಯ ಮಂಚದಂತಹ ಚೌಕಟ್ಟನ್ನು ಮಾಡಿಸಿ, ದಪ್ಪನಾದ ಕ್ಯಾನ್ವಾಸನ್ನು ಬಿಗಿಯಾಗಿ ಎಳೆದು, ಅಂಚುಗಳನ್ನು ಚೌಕಟ್ಟಿನ ಕೆಳಕ್ಕೆ ಮಡಿಸಿ, ಮೇಲೆ ಮರದ ಪಟ್ಟಿಯನ್ನಿಟ್ಟು ತಿರುಪು ಹಾಕಿದರೆ ಬಾಯಿಗೆ ಸಿಕ್ಕುವ ತುದಿಯೇ ಇರುವುದಿಲ್ಲ. ಊರಿನ ಬಡಗಿಯು ಅರ್ಧ ದಿನದಲ್ಲಿ ಇದನ್ನು ಮಾಡಿಕೊಡಬಲ್ಲನು. ವಾರಕ್ಕೊಂದು ಸಲ ಬಿಸಿನೀರಿನಿಂದ ತೊಳೆದು ಬಿಸಿಲಿನಲ್ಲಿ ಒಣಗಿಸಬೇಕು.

ಹಾಸಿಗೆ ಮೆಣಸಿನಪುಡಿಯನ್ನು ಸವರುವುದು, ಸೀಮೆಎಣ್ಣೆಯನ್ನು ಚಿಮುಕಿಸುವುದು ಹಳ್ಳಿಗಳಲ್ಲಿ ಕೇಳಿಬರುವ ಉಪಾಯಗಳು. ಮೆಣಸಿನಪುಡಿಯು ಊದಿಕೊಂಡ ವಸಡಿಗೂ ಕಣ್ಣಿಗೂ ತಗುಲಿ ಮರಿಯನ್ನು ಹಿಂಸಿಸುವುದು. ಸೀಮೆಎಣ್ಣೆಯು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಾಂತಿಕ. ಬೇವಿನ ಎಣ್ಣೆಯ ಕಹಿಗೆ ಕೆಲವು ಮರಿಗಳು ಹಿಂಜರಿಯುವುದು ನಿಜವಾದರೂ, ಹಸಿದ ಮರಿಯು ಕಹಿಯನ್ನು ಲೆಕ್ಕಿಸದು. ಎಟುಕದಂತೆ ತೆಗೆದಿಡುವುದಕ್ಕೆ ಸಮನಾದ ಉಪಾಯ ಇನ್ನೊಂದಿಲ್ಲ.

ಕಡಿಯಲು ಏನನ್ನು ಕೊಡಬೇಕು? ಹೊಲದಿಂದ ಕಿತ್ತ ದಪ್ಪನಾದ ಕ್ಯಾರೆಟ್ಟನ್ನು ತೊಳೆದು, ಮಡಕೆಯ ತಣ್ಣೀರಿನಲ್ಲಿಯೋ, ಇದ್ದರೆ ಶೀತಪೆಟ್ಟಿಗೆಯಲ್ಲಿಯೋ ಇಟ್ಟು ಕೊಟ್ಟರೆ ವಸಡಿಗೆ ತಂಪು, ಹೊಟ್ಟೆಗೂ ಕೇಡಿಲ್ಲ. ಅದು ತುಂಡಾಗಿ ಗಂಟಲಲ್ಲಿ ಸಿಕ್ಕುವಷ್ಟು ಚಿಕ್ಕದಾದಾಗ ಹಿಂದಕ್ಕೆ ತೆಗೆದುಕೊಳ್ಳಬೇಕು. ನಾಯಿಗಳಿಗೆಂದೇ ಮಾಡಿದ ಗಟ್ಟಿ ರಬ್ಬರಿನ ಸಾಮಾನುಗಳು ಪೇಟೆಯಲ್ಲಿ ದೊರೆಯುವುವು. ಉಗುರಿನಿಂದ ಒತ್ತಿದರೆ ಸ್ವಲ್ಪ ತಗ್ಗು ಬೀಳಬೇಕು, ಇಲ್ಲದಿದ್ದರೆ ಹಲ್ಲು ಮುರಿಯುವಷ್ಟು ಗಡುಸೆಂದು ತಿಳಿಯಬೇಕು. ಮರಿಯ ಬಾಯೊಳಗೆ ಇಡಿಯಾಗಿ ಹೋಗದಷ್ಟು ದೊಡ್ಡದೂ ಆಗಿರಬೇಕು. ಬೇಯಿಸಿದ ಮೂಳೆಯು ಸಿಬಿರಾಗಿ ಒಡೆದು ಕರುಳನ್ನು ಚುಚ್ಚುವುದು. ಮುಸುಕಿನ ಜೋಳದ ದಿಂಡು ಕರುಳಿಗೆ ಬಿರಡೆಯಂತೆ ಅಡಗುವುದು. ಶ್ರೀನಿವಾಸಪುರದ ಕಡೆ ಮಾವಿನ ಸುಗ್ಗಿಯಲ್ಲಿ ಎಲ್ಲೆಂದರಲ್ಲಿ ಎಸೆದಿರುವ ಓಟೆಗಳೂ ಅಷ್ಟೇ ಅಪಾಯಕರವಾದುವು. ಜಾರುವ ಓಟೆಯನ್ನು ನಾಯಿಯು ಇಡಿಯಾಗಿಯೇ ನುಂಗಿಬಿಡುವುದುಂಟು. ಹಳೆಯ ಬಟ್ಟೆಯನ್ನು ಗಂಟುಕಟ್ಟಿ ಆಡಲು ಕೊಡುವುದು ತಪ್ಪು. ಆ ಗಂಟನ್ನು ಕಡಿಯಬಹುದು, ಹಾಸನ್ನು ಕಡಿಯಬಾರದು ಎಂಬ ವಿವೇಕ ಮರಿಗೆ ಎಲ್ಲಿಂದ ಬರಬೇಕು?

ಬಾಯಲ್ಲಿರುವುದನ್ನು ಬಿಡಿಸುವ ಕ್ರಮ.— ಮರಿಯ ಬಾಯಲ್ಲಿ ಬಟ್ಟೆ ಕಂಡಕೂಡಲೇ ಕೂಗಿಕೊಂಡು ಅಟ್ಟಿಸಿಕೊಂಡು ಹೋಗುವುದು, ಹಿಡಿದು ದವಡೆಯನ್ನು ಬಿಡಿಸಿ ಎಳೆಯುವುದು, ಎರಡೇಟು ಹಾಕುವುದು, ಇದು ಎಲ್ಲ ಮನೆಗಳ ಪದ್ಧತಿ. ನುಂಗುವ ಚಾಳಿಯನ್ನು ಬೆಳೆಸುವುದಕ್ಕೆ ಇದಕ್ಕಿಂತ ಒಳ್ಳೆಯ ಮಾರ್ಗವಿಲ್ಲ. ಅಟ್ಟಿಸಿಕೊಂಡು ಬರುವವನು ತನ್ನ ಸೊತ್ತನ್ನು ಕಸಿದುಕೊಳ್ಳುವನೆಂದು ಒಂದೆರಡು ಸಲಕ್ಕೇ ಮರಿಯು ಅರಿತುಕೊಂಡು, ಮೂರನೆಯ ಸಲ ಮನುಷ್ಯನ ಹೆಜ್ಜೆಯ ಸದ್ದು ಕೇಳಿದೊಡನೆಯೇ ಗುಳುಂ ಎಂದು ನುಂಗಿಬಿಡುವುದು. ಮೊದಲು ಸುಮ್ಮನೆ ಕಡಿಯುತ್ತಿದ್ದ ಮರಿಯು ನುಂಗುವ ಮರಿಯಾಗುವುದು ಬಹುವೇಳೆ ಹೀಗೆಯೇ.

ಬದಲಾಗಿ ಮಾಡತಕ್ಕದ್ದೇನೆಂದರೆ: ಬಾಯಲ್ಲಿರುವುದಕ್ಕಿಂತ ರುಚಿಯಾದ ತುತ್ತೊಂದನ್ನು, ಬೇಯಿಸಿದ ಮೊಟ್ಟೆಯ ಚೂರನ್ನೋ ಮಾಂಸದ ತುಣುಕನ್ನೋ, ಕೈಯಲ್ಲಿ ಹಿಡಿದು, ಓಡದೆ, ಮಾತು ಏರಿಸದೆ ಮರಿಯ ಬಳಿ ಕುಳಿತು ಮೂಗಿನ ಹತ್ತಿರ ಹಿಡಿಯಬೇಕು. ತುತ್ತಿಗಾಗಿ ಬಾಯಿ ತೆರೆದ ಕ್ಷಣದಲ್ಲಿ “ಬಿಡು” ಎಂದು ಒಂದೇ ಸಲ ಹೇಳಿ, ತುತ್ತನ್ನು ಕೊಟ್ಟು, ಅದು ತಿನ್ನುತ್ತಿರುವಾಗ ಬಟ್ಟೆಯನ್ನು ಇನ್ನೊಂದು ಕೈಯಿಂದ ಮೆಲ್ಲಗೆ ಸರಿಸತಕ್ಕದ್ದು. ಬಟ್ಟೆಗೆ ಬದಲಾಗಿ ಕಡಿಯತಕ್ಕ ಬೇರೆ ವಸ್ತುವನ್ನು ಅಲ್ಲಿಯೇ ಇಡಬೇಕು. ನಿಜವಾದ ಅಪಾಯವು ಬರುವವರೆಗೆ ಕಾದಿರದೆ, ಆಟದ ಸಾಮಾನಿನಿಂದಲೇ ದಿನಕ್ಕೆ ಐದಾರು ಸಲ ಇದನ್ನು ಅಭ್ಯಾಸ ಮಾಡಿಸಿ, ಕೆಲವು ಸಲ ಬಿಟ್ಟ ವಸ್ತುವನ್ನೇ ಮತ್ತೆ ಅದಕ್ಕೆ ಕೊಟ್ಟರೆ, ಬಿಟ್ಟರೆ ನಷ್ಟವಿಲ್ಲವೆಂಬ ನಂಬಿಕೆಯು ಹುಟ್ಟುವುದು. ಮನೆಯವರೆಲ್ಲರೂ ಒಂದೇ ಮಾತನ್ನು ಬಳಸಬೇಕು. ಅಜ್ಜಿಯು ತೆಲುಗಿನಲ್ಲಿಯೂ ಮೊಮ್ಮಗನು ಕನ್ನಡದಲ್ಲಿಯೂ ಆಜ್ಞೆ ಮಾಡಿದರೆ ಗಡಿನಾಡಿನ ಮರಿಯಾದರೂ ತಬ್ಬಿಬ್ಬಾಗದೆ ಇರಲಾರದು. ಮಕ್ಕಳು ಟವಲಿನ ಒಂದು ತುದಿಯನ್ನು ಮರಿಗೆ ಕೊಟ್ಟು ಜಗ್ಗಾಡುವುದನ್ನು ನಿಲ್ಲಿಸಬೇಕು.

ನುಂಗಿದ ಮೇಲೆ.— ಹಾಸು ಹರಿದಿದ್ದು ಚೂರು ಕಾಣದಿದ್ದರೆ, ಉಳಿದ ಭಾಗವನ್ನು ನೆಲದ ಮೇಲೆ ಹರಡಿ, ಎಷ್ಟು ಕಡಿಮೆಯಾಗಿದೆಯೆಂದು ನೋಡಿ, ಅದನ್ನು ಹಾಗೆಯೇ ವೈದ್ಯರಲ್ಲಿಗೆ ಒಯ್ಯಬೇಕು. ನುಂಗಿದ ಒಂದೆರಡು ಗಂಟೆಯೊಳಗಾದರೆ ವೈದ್ಯರು ಸೂಜಿಮದ್ದಿನಿಂದ ವಾಂತಿ ಮಾಡಿಸಿ ಹೊರತೆಗೆಯುವ ಅವಕಾಶವಿರುವುದು. ಕರುಳಿಗೆ ಇಳಿದ ಮೇಲೆ ಆ ಅವಕಾಶ ತಪ್ಪುವುದು. ಮನೆಯಲ್ಲಿ ಉಪ್ಪುನೀರು ಕುಡಿಸಿ ಕಕ್ಕಿಸಲೆಳಸಬಾರದು, ಉಪ್ಪೇ ಮರಿಗೆ ವಿಷವಾಗಬಲ್ಲುದು. ಹರಳೆಣ್ಣೆಯನ್ನು ಹಾಕಿ ಭೇದಿ ಮಾಡಿಸುವುದೂ ಕೂಡದು: ಮುಂದೆ ದಾರಿ ಮುಚ್ಚಿರುವಾಗ ಹಿಂದಿನಿಂದ ತಳ್ಳಿದರೆ ಕರುಳು ಒಡೆಯುವುದು. ಗುದದ್ವಾರದಲ್ಲಿಯೋ ಬಾಯಲ್ಲಿಯೋ ದಾರದ ತುದಿ ಕಂಡರೆ ಎಳೆಯಲೇಬಾರದು.

ಚಿಕ್ಕ ಚೂರುಗಳು ಒಂದರಿಂದ ಮೂರು ದಿನಗಳಲ್ಲಿ ಮಲದೊಡನೆ ಹೊರಬೀಳುವುದುಂಟು. ಆದರೆ ಮರಿಯು ಮೇಲಿಂದ ಮೇಲೆ ವಾಂತಿ ಮಾಡಿಕೊಂಡರೆ, ಕುಡಿದ ನೀರೂ ನಿಲ್ಲದಿದ್ದರೆ, ಆಹಾರವನ್ನು ಮುಟ್ಟದೆ ಬೆನ್ನನ್ನು ಗೂನುಮಾಡಿಕೊಂಡು ನಿಂತರೆ, ಹೊಟ್ಟೆಯನ್ನು ಮುಟ್ಟಗೊಡದಿದ್ದರೆ, ಮುಕ್ಕಿದರೂ ಮಲ ಬಾರದಿದ್ದರೆ, ಬೆಳಗಾಗಲೆಂದು ಕಾಯದೆ ಒಯ್ಯತಕ್ಕದ್ದು. ನಂಗಲಿಯವರಿಗೆ ಹೆದ್ದಾರಿಯ ಮೇಲೆ ಪಶ್ಚಿಮಕ್ಕೆ ಮುಳಬಾಗಿಲೂ ಕೋಲಾರವೂ ಉಂಟು. ಶಸ್ತ್ರಚಿಕಿತ್ಸೆಯೇ ಬೇಕಾದಲ್ಲಿ 1958ರಲ್ಲಿ ಸ್ಥಾಪಿತವಾದ ಬೆಂಗಳೂರು ಹೆಬ್ಬಾಳದ ಪಶುವೈದ್ಯ ಕಾಲೇಜಿನ ಆಸ್ಪತ್ರೆಯೂ ಉಂಟು. ಸರ್ಕಾರದ ಪಶು ಸಹಾಯವಾಣಿಯ 1962 ಎಂಬ ಸಂಖ್ಯೆಗೆ ದೂರವಾಣಿ ಮಾಡಿ ವಿಚಾರಿಸಬಹುದು. ಬಟ್ಟೆಯು ಕ್ಷಕಿರಣದ ಚಿತ್ರದಲ್ಲಿ ಲೋಹದಂತೆ ನೇರವಾಗಿ ಕಾಣಿಸದು. ಕರುಳಿನಲ್ಲಿ ಗಾಳಿ ನಿಂತಿರುವ ರೀತಿಯಿಂದ ವೈದ್ಯರು ಊಹಿಸಬೇಕು. ಪಾರ್ವೋ ಎಂಬ ಸಾಂಕ್ರಾಮಿಕ ಭೇದಿಯಲ್ಲಿಯೂ ಮರಿಗಳು ಹೀಗೆಯೇ ವಾಂತಿ ಮಾಡಿಕೊಳ್ಳುವುದರಿಂದ, ಹಾಸು ಹರಿದಿತ್ತೆಂಬ ಮಾತನ್ನು ಮರೆಯದೆ ಹೇಳಬೇಕು.

ಹುಚ್ಚಿನ ಶಂಕೆ.— ಗ್ರಾಮದ ಮುಖಂಡರು ವಿಶೇಷವಾಗಿ ಗಮನಿಸತಕ್ಕ ವಿಷಯವೊಂದುಂಟು. ತಿನ್ನಬಾರದ ವಸ್ತುಗಳನ್ನು, ಕಲ್ಲು, ಕಡ್ಡಿ, ಬಟ್ಟೆ, ಮಣ್ಣುಗಳನ್ನು ನುಂಗುವುದು ಹುಚ್ಚುನಾಯಿ ರೋಗದ, ಅಂದರೆ ರೇಬಿಸಿನ, ಪ್ರಸಿದ್ಧವಾದ ಲಕ್ಷಣಗಳಲ್ಲಿ ಒಂದು. ಹಲ್ಲು ಮೂಡುವ ಮರಿಯು ಆಟವಾಡುವುದು, ಕರೆದರೆ ಬರುವುದು, ಉಣ್ಣುವುದು. ರೋಗದ ಮರಿಯ ದನಿ ಬದಲಾಗುವುದು, ದವಡೆ ಜೋಲುವುದು, ಜೊಲ್ಲು ಸುರಿಯುವುದು, ನುಂಗಲು ಕಷ್ಟವಾಗುವುದು, ಕಾರಣವಿಲ್ಲದೆ ಮೇಲೆ ಬೀಳುವುದು ಅಥವಾ ಕತ್ತಲೆಯ ಮೂಲೆಯಲ್ಲಿ ಅಡಗುವುದು. ಗಂಟಲಲ್ಲಿ ಮೂಳೆಯೋ ಬಟ್ಟೆಯೋ ಸಿಕ್ಕಿದೆಯೆಂದು ಭಾವಿಸಿ ಇಂಥ ಮರಿಯ ಬಾಯಿಗೆ ಕೈಹಾಕುವುದು ಅತ್ಯಂತ ಅಪಾಯಕರವು. ಅದನ್ನು ಪ್ರತ್ಯೇಕವಾಗಿ ಕೂಡಿ, ಯಾರೂ ಮುಟ್ಟದೆ, ಪಶುವೈದ್ಯರಿಗೆ ತಿಳಿಸಬೇಕು.

“ಎಳೆಯ ಮರಿಯ ಕಡಿತಕ್ಕೆ ವಿಷವಿಲ್ಲ” ಎಂಬ ನಂಬಿಕೆಯು ಅನೇಕ ಹಳ್ಳಿಗಳಲ್ಲಿದೆ. ಇದು ಪೂರ್ತಿ ಸುಳ್ಳು. ಹುಚ್ಚುನಾಯಿಯು ಕಡಿದಿದ್ದರೆ ಎರಡು ತಿಂಗಳ ಮರಿಗೂ ರೋಗ ಬರುವುದು, ಅದರ ಜೊಲ್ಲಿನಿಂದ ಮನುಷ್ಯನಿಗೂ ಬರುವುದು. ಹಲ್ಲು ಮೂಡುವ ಮರಿಯು ಮಕ್ಕಳ ಕೈಯನ್ನು ದಿನಕ್ಕೆ ಹತ್ತು ಸಲ ಕಚ್ಚುವುದರಿಂದ ಇಲ್ಲಿ ಅಲಕ್ಷ್ಯ ಸಲ್ಲದು. ಲಸಿಕೆಯಾಗದ ಮರಿಯ ಹಲ್ಲು ತಗುಲಿ ಚರ್ಮ ಗೀರಿದರೂ ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಆ ದಿನವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗತಕ್ಕದ್ದು. ಅರಿಸಿನ, ಸುಣ್ಣ, ಮೆಣಸಿನಪುಡಿಗಳನ್ನು ಗಾಯಕ್ಕೆ ಮೆತ್ತಬಾರದು. ಫ್ರಾನ್ಸಿನ ಲೂಯಿ ಪಾಸ್ಟರನು ಈ ರೋಗಕ್ಕೆ ಲಸಿಕೆಯನ್ನು ಮೊದಲು ಮನುಷ್ಯನ ಮೇಲೆ ಪ್ರಯೋಗಿಸಿದುದು 1885ರಲ್ಲಿ. ಲಕ್ಷಣಗಳು ತೋರಿದ ಮೇಲೆ ಪ್ರಾಣವುಳಿಸುವ ಔಷಧವು ಇಂದಿಗೂ ಇಲ್ಲ. ಮರಿಗೆ ಮೂರು ತಿಂಗಳು ತುಂಬಿದಾಗ ಲಸಿಕೆಯನ್ನು ಹಾಕಿಸಿ, ಆಮೇಲೆ ವೈದ್ಯರು ಹೇಳಿದ ಕಾಲಕ್ಕೆ ಮರುಲಸಿಕೆಯನ್ನು ಹಾಕಿಸುತ್ತಿರಬೇಕು. ಪ್ರತಿ ಸೆಪ್ಟೆಂಬರ್ 28ನೆಯ ತಾರೀಖು ವಿಶ್ವ ರೇಬಿಸ್ ದಿನವು. ಅದರ ಸುಮಾರಿಗೆ ಲಸಿಕೆಯ ಶಿಬಿರವು ನಡೆಯುವುದಾದರೆ ಊರಿನ ಪ್ರಮುಖರು ಹಿಂದಿನ ಸಂಜೆಯೇ ಟಾಂಟಾಂ ಹೊಡೆಯಿಸಿ, ತೋಟದ ಮನೆಗಳ ನಾಯಿಗಳನ್ನೂ ಹಗ್ಗ ಹಾಕಿ ತರುವಂತೆ ಏರ್ಪಡಿಸಬಹುದು. ತೋಟದ ನಾಯಿಗಳು ಲೆಕ್ಕಕ್ಕೆ ತಪ್ಪಿಹೋಗುವುದೇ ಹೆಚ್ಚು.

ಏಳನೆಯ ತಿಂಗಳು ತುಂಬಿದ ಮೇಲೆ ಮರಿಯ ತುಟಿಯನ್ನು ಎತ್ತಿ ನೋಡಬೇಕು. ಹೊಸ ಕೋರೆಹಲ್ಲಿನ ಪಕ್ಕದಲ್ಲಿ ಹಳೆಯ ಹಾಲುಕೋರೆಯು ಬೀಳದೆ ನಿಂತಿದ್ದರೆ ವೈದ್ಯರಿಂದ ತೆಗೆಯಿಸಬೇಕು, ಇಲ್ಲವಾದರೆ ಹೊಸ ಹಲ್ಲು ಓರೆಯಾಗುವುದು. ಎಲ್ಲವೂ ಸರಿಯಾಗಿದ್ದರೆ ಹಾಸನ್ನು ಮತ್ತೆ ಕೊಡಬಹುದು: ಮೊದಲು ಅಂಚು ಹೊಲಿದ ದಪ್ಪ ಗೋಣಿತಟ್ಟೊಂದನ್ನು ಹಗಲಿನಲ್ಲಿ, ಮನೆಯವರು ಎದುರಿಗಿರುವಾಗ, ಉಂಡು ಆಡಿ ದಣಿದ ಮರಿಗೆ ಹಾಸಿ ನೋಡುವುದು, ವಾರದವರೆಗೆ ನೂಲೊಂದೂ ಕಡಿಯದಿದ್ದರೆ ರಾತ್ರಿಯಲ್ಲಿಯೂ ಬಿಡುವುದು, ಕಡಿದರೆ ತೆಗೆದು ಇನ್ನೊಂದು ತಿಂಗಳು ಹಲಗೆಯ ಮೇಲೆಯೇ ಮಲಗಿಸುವುದು.